ಮೊರದಲ್ಲಿ ಮಲಗಿದ್ದ ತರಗತಿ

ಪ್ರಿಯಂವದೆಗೆ ಹೇಸಿಗೆ ಬೇಗ ಆಗುತ್ತದೆ. ಬಸ್ಸಿನ ಕಂಬಿ ಹಿಡಿದ ಕೈಯಲ್ಲಿ ಊಟದ ಡಬ್ಬಿ ಮುಟ್ಟುವುದಿಲ್ಲ. ಯಾರೋ ಕಚ್ಚಿದ ಪೆನ್ನಿನಲ್ಲಿ ಸಹಿ ಹಾಕುವುದಿಲ್ಲ. ಮದ್ದೂರಿನಿಂದ ಹತ್ತಿರದ ಕೊಪ್ಪಕ್ಕೆ ದಿನವೂ ಬಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವಳಿಗೆ ಮಕ್ಕಳು ಇಟ್ಟ ಹೆಸರು ಡೆಟಾಲ್ ಮಿಸ್. ಅದು ಅವಳಿಗೂ ಗೊತ್ತು. ಕೆಟ್ಟ ಹೆಸರೇನಲ್ಲ ಎಂಬುದು ಅವಳ ಅಭಿಪ್ರಾಯ.

ಕೊರೋನಾ ಮುಚ್ಚಿಸಿದ್ದ ಶಾಲೆ ಮತ್ತೆ ತೆರೆದಾಗ ಪ್ರಯೋಗಶಾಲೆಯ ಸಿಂಕಿನಲ್ಲಿ ಹೆಗ್ಗಣ ಸತ್ತು ಒಣಗಿತ್ತು. ಬೆಂಚುಗಳ ಮೇಲೆ ಪಾರಿವಾಳದ ಹಿಕ್ಕೆ ಪದರ ಕಟ್ಟಿತ್ತು. ಅದನ್ನೆಲ್ಲ ಮುಂದೆ ನಿಂತು ತೊಳೆಸಿದಳು. ತೊಳೆಯಲಾಗದೆ ಉಳಿದದ್ದು ಮೇಜಿನ ಮೇಲಿನ ಮೊಬೈಲ್ ಸ್ಟ್ಯಾಂಡು. ಬರುವವರು ಬರಲಿ, ಬಾರದವರು ಮನೆಯಿಂದಲೇ ಫೋನಿನಲ್ಲಿ ಕೇಳಲಿ, ಹಾಜರಿ ಇಬ್ಬರಿಗೂ ಒಂದೇ ಎಂದು ಹೆಡ್‌ಮಾಸ್ಟರ್ ಶಶಿಧರ್ ತೀರ್ಮಾನಿಸಿದ್ದರು. ಬೆಂಚಿನ ಕಡೆ ನೋಡಿದರೆ ಫೋನಿನವರು ತಪ್ಪುತ್ತಿದ್ದರು, ಫೋನು ನೋಡಿದರೆ ಬೆಂಚಿನವರು. ಮಾಸ್ಕಿನೊಳಗೆ ತನ್ನ ಉಸಿರನ್ನೇ ಮತ್ತೆ ಮತ್ತೆ ಒಳಗೆಳೆದುಕೊಳ್ಳುತ್ತ, "ಎಲ್ಲರಿಗೂ ಕೇಳಿಸ್ತಿದೆಯಾ?" ಎಂದು ಪರದೆಯ ಕಪ್ಪು ಚೌಕಗಳನ್ನು ಕೇಳಬೇಕಿತ್ತು.

ಅವುಗಳಲ್ಲೊಂದು ಚೌಕ ಚಂದನ. ಎಂಟನೇ ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ಕೇಳಿ ಪ್ರಾಣ ಹಿಂಡುತ್ತಿದ್ದ ಹುಡುಗಿ. ಈಗ ಹತ್ತನೆಯದರಲ್ಲಿ ಒಂದು ದಿನವೂ ತಪ್ಪದೆ ಫೋನಿನಲ್ಲಿ ಹಾಜರು, ಪ್ರಶ್ನೆ ಮಾತ್ರ ಇಲ್ಲ. ದನಿಯೂ ಒಡಕು. ವಯಸ್ಸಿನದೋ ನೆಟ್‌ವರ್ಕಿನದೋ ಇರಬೇಕೆಂದು ಪ್ರಿಯಂವದಾ ಸುಮ್ಮನಿದ್ದಳು. ಗೈಡಿನಿಂದ ಇಳಿಸಿದಂತಿದ್ದರೂ ಕಳಿಸಿದ ಉತ್ತರಗಳಿಗೆ ಎ ಪ್ಲಸ್ಸನ್ನೂ ಕೊಟ್ಟಿದ್ದಳು.

ಒಂದು ಬೆಳಿಗ್ಗೆ ಸ್ಪಿರಿಟ್ ದೀಪ ಹಚ್ಚಲು ಬೆಂಕಿಪೊಟ್ಟಣ ಇರಲಿಲ್ಲ, ಜವಾನ ರಜೆ. ಬೆಂಚಿನವರಿಗೆ ಚಿತ್ರ ಬರೆಯಲು ಹೇಳಿ, ಫೋನಿನವರಿಗೆ ಹಿಂದಿನ ವರ್ಷ ತಾನೇ ರೆಕಾರ್ಡ್ ಮಾಡಿದ್ದ ಪಾಠ ಹಾಕಿ, ಹಾಲಿನ ಡೇರಿ ಪಕ್ಕದ ಪುಟ್ಟಮಾದಮ್ಮನ ಅಂಗಡಿಗೆ ನಡೆದಳು.

ಅಂಗಡಿಯೊಳಗೆ ಅವಳದೇ ದನಿ ಕೇಳುತ್ತಿತ್ತು. ಒಂದಲ್ಲ, ಹಲವು, ಒಂದರ ಬೆನ್ನಿಗೆ ಒಂದು, ಸ್ವಲ್ಪ ಸ್ವಲ್ಪ ಹಿಂದೆ ಬೀಳುತ್ತ. ಬಜ್ಜಿ ಬಾಣಲೆಯ ಪಕ್ಕದ ಮೊರದಲ್ಲಿ ಆರು ಫೋನುಗಳು ಚಾರ್ಜಿನ ವೈರು ಸಿಕ್ಕಿಸಿಕೊಂಡು ಸಾಲಾಗಿ ಮಲಗಿದ್ದವು. ಗಾಜಿನ ಮೇಲೆ ಎಣ್ಣೆಜಿಡ್ಡು. ಒಂದರ ಪರದೆಯಲ್ಲಿ ನೊಣವೊಂದು ಅವಳ ಹಣೆಯ ಮೇಲೆ ಕೂತು ಕೈ ಉಜ್ಜಿಕೊಳ್ಳುತ್ತಿತ್ತು.

"ಎಲ್ಲರಿಗೂ ಕೇಳಿಸ್ತಿದೆಯಾ?" ಎಂದವು ಫೋನುಗಳು.

ಪುಟ್ಟಮಾದಮ್ಮ ಬಜ್ಜಿ ಮಗುಚುತ್ತಲೇ ಮೊರದ ಕಡೆ ಬಗ್ಗಿ, ಗಂಟಲು ಸಣ್ಣ ಮಾಡಿ, "ಕೇಳ್ತದೆ ಮಿಸ್" ಅಂದಳು. ಆಮೇಲೆ ತಲೆ ಎತ್ತಿ, "ಏನ್ ಬೇಕವ್ವ?"

ಮಾಸ್ಕು ಹಾಕಿದ್ದ ಪ್ರಿಯಂವದೆಯ ಗುರುತು ಅವಳಿಗೆ ಹತ್ತಲಿಲ್ಲ.

"ಇವೆಲ್ಲ ಯಾರ ಫೋನು?"

"ಇಸ್ಕೂಲ್ ಐಕಳವು. ಇಲ್ಲಿ ಟವರ್ ಚೆಂದಾಗ್ ಸಿಕ್ತದೆ ಅಂತ ಮಡಗಿ ಓಯ್ತವೆ. ಎಸ್ರು ಕೂಗ್ದಾಗ ಒತ್ತಿ ಒಂದ್ ಮಾತು ಅಂದ್ರೆ ಆಯ್ತು, ನಂದೇನ್ ಗಂಟು ಓಯ್ತದೆ? ಆ ಮಿಸ್ಸು ನೋಡು, ವತ್ತಾರೆಯಿಂದ ಬಾಯಿ ಬಡ್ಕೋತಾನೇ ಅವ್ಳೆ. ಅವ್ಳಿಗೂ ಏನ್ ಕರ್ಮವೋ."

ಪ್ರಿಯಂವದೆಗೆ ಹೇಸಿಗೆಯಾಯಿತು. ಎಣ್ಣೆಗಲ್ಲ, ನೊಣಕ್ಕೂ ಅಲ್ಲ. ಶಾಲೆ ಮುಚ್ಚಿದ್ದಾಗಿನಿಂದ ಆ ಮೊರಕ್ಕೆ ಒಂದೂವರೆ ವರ್ಷ ಮುತುವರ್ಜಿಯಿಂದ ಪಾಠ ಹೇಳಿದ್ದೆನಲ್ಲ ಎಂದು.

ಅಷ್ಟರಲ್ಲಿ ಕಬ್ಬಿನ ಸೋಗೆಯ ಹೊರೆ ಹೊತ್ತ ಹುಡುಗಿಯೊಬ್ಬಳು ರಸ್ತೆಯಲ್ಲಿ ಬಂದವಳು ತಟ್ಟನೆ ನಿಂತಳು. ಕೆನ್ನೆಯ ಮೇಲೆ ಗರಿ ಕೊಯ್ದ ಗೆರೆಗಳು. ಚಂದನ.

"ಕ್ಲಾಸ್ ನಡೀತಿದೆ, ನೀನಿಲ್ಲೇನು ಮಾಡ್ತಿದೀಯ?" ಪ್ರಿಯಂವದೆಯ ದನಿ ಗಡುಸಾಗಿತ್ತು.

ಹುಡುಗಿ ಮೊರ ನೋಡಿದಳು, ಇವಳನ್ನು ನೋಡಿದಳು. "ನೀವೂ ಇಲ್ಲೇ ಇದೀರಲ್ಲ ಮಿಸ್. ಅಲ್ಲಿ ಯಾರ್ ಮಾಡ್ತಾವ್ರೆ?"

ಪುಟ್ಟಮಾದಮ್ಮನ ಜಾಲರಿಸೌಟು ಬಾಣಲೆಯ ಮೇಲೆ ಹಾಗೇ ನಿಂತಿತು.

"ಫೋನ್ ಪಾಠ ನಿಲ್ಲಿಸ್ಬ್ಯಾಡಿ ಮಿಸ್," ಚಂದನ ತಗ್ಗಿದ ದನಿಯಲ್ಲಿ ಅಂದಳು. "ಇನ್ನೂ ಎರಡ್ ಅಸ ತಂದವ್ನೆ ಅಪ್ಪ, ಮೇವು ನಾನೇ ತರ್ಬೇಕು. ನಿಲ್ಲಿಸುದ್ರೆ ನನ್ನ ಇಸ್ಕೂಲೇ ಬುಡುಸ್ಬುಡ್ತಾನೆ."

ಶಾಲೆಗೆ ಮರಳಿ ಕೇಳಿದಾಗ ಶಶಿಧರ್ ಹೇಳಿದ್ದೂ ಅದನ್ನೇ, ಚಹಾ ಹೀರುತ್ತ. "ನನಗೆ ಗೊತ್ತಿಲ್ಲದ್ದೇನಲ್ಲ ಮೇಡಂ. ಈಗ ಹಾಜರಿಯಲ್ಲಿ ಹೆಸರಾದರೂ ಇದೆ. ನಿಲ್ಲಿಸಿದರೆ ಅದೂ ಹೋಗುತ್ತೆ. ನಿಮಗೆ ಎಲ್ಲದರಲ್ಲೂ ಹೇಸಿಗೆ, ಅದಕ್ಕೆ ನಾನೇನು ಮಾಡ್ಲಿ?"

ಗೊತ್ತಿದ್ದೂ ಚಹಾ ಇಳಿಯುತ್ತಿದ್ದ ಆ ಗಂಟಲನ್ನು ಅವಳಿಗೆ ನೋಡಲಾಗಲಿಲ್ಲ. ಸಂಜೆ ಮದ್ದೂರಿನ ಬಸ್ಸು ಬಿಟ್ಟು ಚಂದನಳ ಅಪ್ಪ ಚಲುವರಾಜುವಿನ ಕೊಟ್ಟಿಗೆಗೆ ಹೋದಳು. ಗಂಜಳ, ಹಸಿ ಸಗಣಿ, ಹುಳಿ ಹಿಡಿದ ಬೂಸಾ. ಸೀರೆ ಎತ್ತಿ ಹಿಡಿದು ಒಳಗೆ ನಿಂತಳು. ಅವನು ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ.

"ಬನ್ನಿ ಮೇಡಮ್ಮೋರೆ. ನಮ್ಮುಡ್ಗೀಗೆ ಎ ಪ್ಲಸ್ಸು ಅಂತ ನೀವೇ ಕಳಿಸಿದ್ರಲ್ಲ. ಮನೇಲಿದ್ದೇ ಇಷ್ಟ್ ಓದ್ತದೆ, ಅಲ್ಲಿಗ್ ಯಾಕೆ?"

"ಅದು ಸುಳ್ಳು," ಅಂದಳು ಪ್ರಿಯಂವದಾ. "ನಾನು ಕೊಟ್ಟದ್ದೇ, ಆದ್ರೆ ಸುಳ್ಳು. ನಿಮ್ಮ ಹುಡುಗಿಗೆ ಈಗ ಏನೂ ಬರಲ್ಲ. ಹೀಗೇ ಬಿಟ್ರೆ ಹತ್ತು ಪಾಸಾಗಲ್ಲ."

ಕೆಚ್ಚಲ ಮೇಲಿನ ಕೈ ನಿಧಾನವಾಯಿತು. ಪಾಸಾಗುತ್ತದೆಂದೇ ಅವನು ನೆಮ್ಮದಿಯಾಗಿದ್ದನೆಂದು ಕಾಣುತ್ತದೆ.

"ಸೋಗೆ ತರೋರ್ ಯಾರು ಮತ್ತೆ?"

"ತಂದು ಹಾಕೇ ಬರಲಿ. ಎಷ್ಟು ತಡವಾದ್ರೂ ಒಳಗೆ ಬಿಟ್ಟುಕೊಳ್ತೀನಿ. ನಾಳೆಯಿಂದ ಫೋನಿಗೆ ಮಾತ್ರ ಹಾಜರಿ ಹಾಕಲ್ಲ."

ಅವನು ಕೆಚ್ಚಲ ಕಡೆಗೇ ಮುಖ ತಿರುಗಿಸಿ ಮತ್ತೆ ಜೋರಾಗಿ ಕರೆಯತೊಡಗಿದ.

ಮರುದಿನ ಪ್ರಿಯಂವದಾ ಸ್ಟ್ಯಾಂಡನ್ನು ಶಶಿಧರರ ಮೇಜಿನ ಮೇಲಿಟ್ಟು ಬಂದಳು. ಮೊದಲ ಪೀರಿಯಡ್ಡು ಮುಗಿಯಿತು, ಮೊರದ ಮಕ್ಕಳಲ್ಲಿ ಯಾರೂ ಇಲ್ಲ. ಶಶಿಧರ್ ಬಾಗಿಲಿಗೆ ಬಂದು ಬೆಂಚುಗಳ ಮೇಲೆ ಕಣ್ಣಾಡಿಸಿ ಹೋದರು. ಆ ನೋಟವೂ ಅವಳಿಗೆ ಅಂಟಂಟಾಯಿತು.

ಎರಡನೆಯದರ ನಡುವೆ ಚಂದನ ಬಂದಳು. ಕೂದಲಲ್ಲಿ ಸೋಗೆಯ ಚೂರು, ಮೈಯೆಲ್ಲ ಕೊಟ್ಟಿಗೆಯ ವಾಸನೆ. ಸಿಟ್ಟಿಗೆ ಮುಖ ಊದಿತ್ತು, ಇವಳ ಕಡೆ ನೋಡದೆ ಹಿಂದಿನ ಬೆಂಚಿಗೆ ಹೋಗಿ ಕೂತಳು. ಪ್ರಿಯಂವದಾ ಅಲ್ಲಿಗೇ ಹೋದಳು.

"ಪಾಠ ಎಲ್ಲಿಗಂಟ ಆಗದೆ ಮಿಸ್?"

"ನಿನಗೆ ಎಲ್ಲಿತನಕ ಗೊತ್ತು?"

ಹುಡುಗಿ ಕೂದಲಿನಿಂದ ಸೋಗೆಯ ಚೂರು ಕಿತ್ತಳು. "ಎಂಟನೇ ಕ್ಲಾಸಿನ್ಗಂಟ."

ಮುಂದಿನ ಬೆಂಚಿನಲ್ಲಿ, ಶಾಲೆ ತೆರೆದಂದಿನಿಂದ ಒಂದು ದಿನವೂ ತಪ್ಪಿಸದ ಯತೀಶ್ ಕೈ ಎತ್ತಿದ. "ನಂಗೂ ಅಷ್ಟೇ ಮಿಸ್."