ಮದ್ದಿನ ತಾತನ ಬಲಗಿವಿ

ಬೀದಿಯವರೆಲ್ಲ ಅವರನ್ನು ಕರೆಯುವುದು ಮದ್ದಿನ ತಾತ ಎಂದೇ. ಮದ್ದು ಎಂದರೆ ಕಾಯಿಲೆಗೆ ಕೊಡುವ ಮದ್ದಲ್ಲ, ಬಾಣ ಬಿರುಸಿಗೆ ತುಂಬುವ ಕರಿಮದ್ದು. ಅಪ್ಪನಿಂದ ಬಂದ ಕಸುಬು. ಹಬ್ಬದ ಸಂಜೆ ದೇವರು ಗುಡಿಯಿಂದ ಹೊರಗೆ ಬರುವ ಹೊತ್ತಿಗೆ ಮೊದಲ ಬತ್ತಿಗೆ ಕಿಡಿ ಮುಟ್ಟಿಸುವುದು ಅವರೇ. ಅಷ್ಟು ವರ್ಷ ಬೆಂಕಿಯ ಜೊತೆ ಸಂಸಾರ ಮಾಡಿಯೂ ಕೈಯ ಹತ್ತು ಬೆರಳೂ ಉಳಿದಿವೆ ಎಂಬುದು ಅವರ ಹೆಮ್ಮೆ. ಎಡಗಿವಿಯನ್ನು ಮಾತ್ರ ಗರ್ನಾಲು ನುಂಗಿಬಿಟ್ಟಿತ್ತು. ಗರ್ನಾಲೆಂದರೆ ಬಣ್ಣವಿಲ್ಲ, ಬೆಳಕಿಲ್ಲ. ಎದೆ ನಡುಗಿಸುವ ಸದ್ದು, ಆಮೇಲೆ ಗುಡ್ಡದಷ್ಟು ಹೊಗೆ. ಹೆಂಡತಿ ಇದ್ದ ಕಾಲದಲ್ಲಿ, ಅವಳು ಬೈಯಲು ಶುರು ಮಾಡಿದಳೆಂದರೆ ತಾತ ಮೆಲ್ಲಗೆ ಎಡಗಿವಿ ಅತ್ತ ತಿರುಗಿಸಿ ಕೂರುತ್ತಿದ್ದರಂತೆ.

ಮದ್ದು ಅರೆಯುವ ಕೆಲಸವೆಲ್ಲ ಊರಾಚೆಯ ಶೆಡ್ಡಿನಲ್ಲಿ. ಮನೆಯಂಗಳದಲ್ಲಿ ಬರೀ ಕಾಗದದ ಕೊಳವೆ ಸುತ್ತುವುದು. ಹಳೆಯ ಪೇಪರಿಗೆ ಅಂಟು ಬಳಿದು, ನಯವಾದ ಕೋಲಿಗೆ ಬಿಗಿಯಾಗಿ ಸುತ್ತಿ, ಕೋಲು ಎಳೆದು, ಕೊಳವೆಗಳನ್ನು ಬಿಸಿಲಿಗೆ ನಿಲ್ಲಿಸುವುದು. ಹಾಗೆ ಸುತ್ತುತ್ತ ಕೂತಿದ್ದಾಗಲೇ ಒಂದು ಮಧ್ಯಾಹ್ನ ಮಹಡಿ ಮೆಟ್ಟಿಲಿಳಿದು ಚುಕ್ಕಿ ಬಂದು ನಿಂತಳು. ಮಹಡಿಯ ಮೇಲೆ ಬಾಡಿಗೆಗಿದ್ದವರ ಮಗಳು. ಇನ್ನೂ ಶಾಲೆಗೆ ಸೇರಿಸಿರಲಿಲ್ಲ, ಅಮ್ಮ ಒಬ್ಬಳನ್ನೇ ಕೆಳಗೂ ಬಿಡುತ್ತಿರಲಿಲ್ಲ. ಅವಳೇನೋ ಕೇಳಿದಳು. ಎಡಗಡೆ ನಿಂತಿದ್ದಳು, ತಾತನಿಗೆ ಕೇಳಿಸಲಿಲ್ಲ. ಸುತ್ತಿ ಬಂದು ಬಲಗಡೆ ನಿಂತು ಕೂಗಿದಳು.

"ನೀನೇನಾ ಮದ್ದಿನ ತಾತ?"

"ಹೂಂ, ನಾನೇ."

"ಹಂಗಾದ್ರೆ ನಂಗೆ ಕಹಿ ಇಲ್ದಿರೋ ಮದ್ದು ಮಾಡ್ಕೊಡು. ಅಮ್ಮ ಕೊಡೋದು ಯಾಕ್ ಯಾಕ್."

ತಾತನಿಗೆ ನಗು ತಡೆಯಲಾಗಲಿಲ್ಲ, ಕೈಯಲ್ಲಿದ್ದ ಕೊಳವೆ ಬಿಚ್ಚಿಕೊಂಡಿತು. ಮಗುವಿಗೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಪಟಾಕಿಯವನು ಎನ್ನಿಸಿಕೊಂಡೇ ಬದುಕು ಕಳೆದವರಿಗೆ, ಒಂದಿಷ್ಟು ದಿನ ವೈದ್ಯನಾಗುವುದು ಹಿತವೆನಿಸಿತೋ ಏನೋ.

ಅಷ್ಟರಲ್ಲಿ ಅವಳಮ್ಮ ಓಡೋಡಿ ಬಂದಳು. ಸದಾ ಓಡುತ್ತಲೇ ಇರುವ ಹೆಂಗಸು. ಒಂದು ಕೈಯಲ್ಲಿ ಟವೆಲ್ಲು, ಇನ್ನೊಂದರಲ್ಲಿ ನೀರಿನ ಬಾಟಲಿ.

"ತಾತ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಅಂಗೀಲಿ ಗಂಧಕದ ವಾಸನೆ. ಇವಳಿಗೆ ಆಗಿಬರಲ್ಲ, ಎದೆ ಕಟ್ಕೊಳ್ಳುತ್ತೆ."

ತಾತ ಅಂಗಿಯ ತೋಳನ್ನು ಮೂಸಿ ನೋಡಿದರು. ಅವರಿಗೇನೂ ಗೊತ್ತಾಗಲಿಲ್ಲ. ಆದರೂ ಅವತ್ತಿನಿಂದ ಶೆಡ್ಡಿನಿಂದ ಬಂದವರೇ ಸ್ನಾನ ಮಾಡಿ ಬೇರೆ ಅಂಗಿ ತೊಟ್ಟು ಅಂಗಳಕ್ಕೆ ಬರತೊಡಗಿದರು. "ಮದುವೆ ಗಂಡು ರೆಡಿನಾ?" ಎಂದು ಮಗಳು ಕಿಚಾಯಿಸಿದಳು. ಕಸುಬನ್ನು ಈಗ ಅರ್ಧಕ್ಕಿಂತ ಹೆಚ್ಚು ನಡೆಸುವವಳು ಆ ಮಗಳೇ. ಚುಕ್ಕಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಒಣಗಿದ ಕೊಳವೆಯನ್ನು ತಾತನ ಬಲಗಿವಿಗಿಟ್ಟು ಗುಟ್ಟು ಹೇಳುತ್ತಿದ್ದಳು. ಗುಟ್ಟುಗಳೆಲ್ಲ ಅವಳಮ್ಮನ ಮೇಲಿನ ಚಾಡಿಗಳೇ.

ಹಬ್ಬ ಹತ್ತಿರ ಬಂತು. ಅಂಗಳದ ತುಂಬ ಕೊಳವೆಗಳು ನಿಂತವು. ಒಂದು ದಿನ ಚುಕ್ಕಿಯ ಅಮ್ಮ ಮೆಟ್ಟಿಲ ಮೇಲೆ ಕೂತು, ಹೇಗೆ ಹೇಳುವುದೆಂದು ಸೆರಗಿನ ತುದಿ ತಿರುಚಿದಳು.

"ಹಬ್ಬಕ್ಕೆ ನಾವಿರಲ್ಲ ತಾತ. ನಮ್ಮಮ್ಮನ ಮನೆಗೆ ಹೋಗ್ತೀವಿ. ಅಲ್ಲೇ ಹತ್ರ ಮನೆ ಸಿಕ್ರೆ... ವಾಪಸ್ ಬರೋದೂ ಡೌಟು."

"ಯಾಕಮ್ಮಾ?"

"ಹೋದ ಹಬ್ಬದಲ್ಲಿ ನಾವಿನ್ನೂ ಹೊಸಬರು. ನೀವು ಗುಡಿ ಮುಂದೆ ಇದ್ರಿ. ಕಿಟಕಿಯಿಂದ ಹೊಗೆ ಒಳಗೆ ಬಂತು ನೋಡಿ, ಇವಳ ತುಟಿ ನೀಲಿಯಾಗಿ ಹೋಯ್ತು. ಜನದ ನಡುವೆ ಆಟೋ ಕದಲ್ತಿಲ್ಲ. ಇವಳನ್ನ ಎತ್ಕೊಂಡು ಆಸ್ಪತ್ರೆವರೆಗೂ ಓಡಿದೀವಿ."

ತಾತನಿಗೆ ಆ ಸಂಜೆ ಜನ ಚಪ್ಪಾಳೆ ತಟ್ಟಿದ್ದು, ಹೆಗಲಿಗೆ ಶಾಲು ಹೊದಿಸಿದ್ದು ನೆನಪಿತ್ತು.

ಬಕೆಟ್ಟಿನ ಮೇಲಿಂದ ಚುಕ್ಕಿ ಅಂದಳು, "ಅಮ್ಮ ಸುಮ್ಮನೆ ಹೆದರ್ತಾಳೆ. ಮದ್ದಿನ ತಾತ ಇರೋವಾಗ ನಂಗೇನಾಗುತ್ತೆ?"

ಅಂದವಳೇ ಕೆಮ್ಮಿದಳು. ತಾತ ಅವಳನ್ನು ಹತ್ತಿರ ಎಳೆದು ಬೆನ್ನಿಗೆ ಬಲಗಿವಿ ಇಟ್ಟರು. ಒಳಗೆ ಸುಯ್ಯೆಂದು ಸಣ್ಣಗೆ, ಬತ್ತಿ ಉರಿದು ಕೊನೆ ಮುಟ್ಟುವಾಗಿನ ಸದ್ದು. ಬದುಕಿಡೀ ಆ ಸದ್ದು ಕೇಳಿದೊಡನೆ ಅವರು ಹಿಂದಕ್ಕೆ ಓಡಿದ್ದರು. ಈಗ ಎಲ್ಲಿಗೆ ಓಡುವುದು? ಮಗುವನ್ನು ಹಾಗೇ ಅವುಚಿಕೊಂಡು ಕೂತರು.

ಮರುದಿನ ಬೆಳಿಗ್ಗೆ ಗುಡಿಯ ಕಾರ್ಯದರ್ಶಿಯ ಬಟ್ಟೆ ಅಂಗಡಿಗೆ ಹೋದರು.

"ಈ ಸಲ ಗುಡಿ ಮುಂದೆ ಬೇಡ ಸ್ವಾಮಿ. ಊರಾಚೆ ಬಯಲಲ್ಲಿ ಹಾರಿಸ್ತೀನಿ. ಗರ್ನಾಲು ಬೇಡವೇ ಬೇಡ. ಉಳಿದದ್ದೂ ಅರ್ಧ ಸಾಕು."

ಕಾರ್ಯದರ್ಶಿ ಕತ್ತರಿ ಕೆಳಗಿಟ್ಟ. "ಏನ್ ತಾತ, ಅಡುಗೆ ಭಟ್ಟನೇ ಬಂದು ಉಪವಾಸ ಮಾಡಿ ಅಂದಂಗಾಯ್ತಲ್ಲ! ಊರಾಚೆ ಹಾರಿಸಿದ್ರೆ ದೇವರಿಗೆ ಕಾಣೋದು ಬೇಡ್ವಾ?"

"ಇಷ್ಟು ವರ್ಷ ದೇವರ ಕಿವಿ ಬುಡದಲ್ಲೇ ಹೊಡೆದಿದೀನಿ, ಪಾಪ. ನನ್ನ ಕಿವಿ ಗತಿ ನೋಡಿದೀರಲ್ಲ. ಆತನಿಗೆ ಇನ್ನೂ ಊರವರ ಮಾತು ಕೇಳಿಸ್ಕೋಬೇಕು."

ಕಾರ್ಯದರ್ಶಿ ನಕ್ಕ. ನಕ್ಕ ಮೇಲೆ ಇಲ್ಲವೆನ್ನುವುದು ಕಷ್ಟ. ಆದರೂ ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು. ಕಮಿಟಿಯ ಇಬ್ಬರು ಇಂದಿಗೂ ತಾತನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಮನೆಗೆ ಬಂದರೆ ಮಗಳು ಪಾತ್ರೆ ಕುಕ್ಕಿದಳು. "ನಮ್ಮ ಅನ್ನದ ತಟ್ಟೆನ ನೀನೇ ಬೋರಲು ಹಾಕಿ ಬಂದ್ಯಾ ಅಪ್ಪಾ?" ತಾತ ಎಡಗಿವಿ ತಿರುಗಿಸಲಿಲ್ಲ. ಬಲಗಿವಿ ಕೊಟ್ಟು ಪೂರ್ತಿ ಕೇಳಿಸಿಕೊಂಡರು.

ಸುದ್ದಿ ಮಹಡಿಗೂ ಹೋಯಿತು. ಚುಕ್ಕಿಯ ಅಮ್ಮನ ಕಣ್ಣು ತುಂಬಿತು, ಆದರೆ ಅವಳ ಆತಂಕಕ್ಕೆ ಅಷ್ಟು ಸುಲಭಕ್ಕೆ ಸಮಾಧಾನವೆಲ್ಲಿ?

"ಬಯಲಿನ ಆ ಕಡೆ ಮನೆಗಳಲ್ಲೂ ಮಕ್ಕಳಿದಾರಲ್ವಾ ತಾತ?"

"ಇದಾರೆ ಕಣಮ್ಮ. ಅದಕ್ಕೇ ಅರ್ಧ ಮಾಡಿದ್ದು." ಕೈಯಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ತಿರುವುತ್ತ ಅಂದರು, "ಪೂರ್ತಿ ಬಿಡೋಕೆ ನಂಗಿನ್ನೂ ಧೈರ್ಯ ಸಾಲಲ್ಲ. ಬೇರೆ ಏನೂ ಬರಲ್ಲ ನಂಗೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಬ್ಬಕ್ಕೆ ಇಲ್ಲೇ ಇರ್ತೀವಿ. ಆದ್ರೆ ನೀವು ಮೇಲೆ ಬಂದು ಇವಳ ಜೊತೆ ಕೂತ್ಕೋಬೇಕು. ನೀವಿದ್ರೆ ಉಸಿರಿನ ಮದ್ದಿನ ಮಾಸ್ಕ್ ಹಾಕೋವಾಗ ಅಳಲ್ಲ."

ಹಬ್ಬದ ದಿನ ತಾತ ಬೇರೆ ಕಡೆ ಕೂರುವುದೇ? ಅವರು ಅಲ್ಲೇ ಇದ್ದ ತಮ್ಮ ಮಗಳ ಮುಖ ನೋಡಿದರು. "ಹೋಗಪ್ಪ, ನಂಗೇನು ಬತ್ತಿ ಹಚ್ಚೋಕೆ ಬರಲ್ವಾ?" ಎಂದಳು. ಅವಳ ಸಿಟ್ಟು ಇಳಿದಿರಲಿಲ್ಲ, ಆದರೂ ಅಪ್ಪನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡಳು.

ಆ ಸಂಜೆ ಮಹಡಿಯ ಕಿಟಕಿಗಳೆಲ್ಲ ಮುಚ್ಚಿದ್ದವು. ಬಾಗಿಲ ಸಂದಿಗೆ ಒದ್ದೆ ಟವೆಲ್ಲು. ಮೇಜಿನ ಮೇಲೆ ಉಸಿರಿಗೆ ಮದ್ದು ಹಾಯಿಸುವ ನೆಬುಲೈಸರ್, ಪ್ಲಗ್ ಚುಚ್ಚಿ ತಯಾರು. ತಾತ ಗಾಜಿನ ಮುಂದೆ ಕೂತರು, ತೊಡೆಯ ಮೇಲೆ ಚುಕ್ಕಿ. ಅವಳಮ್ಮ ಹಿಂದೆ ನಿಂತು ಮಗಳ ಬೆನ್ನ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ದೂರದ ಬಯಲಿನಿಂದ ಒಂದು ಗೆರೆ ಮೇಲೇರಿತು. ಏರಿ, ಒಂದು ಕ್ಷಣ ನಿಂತು, ಅರಳಿತು.

ತಾತ ಬಾಯಿ ತೆರೆದುಕೊಂಡೇ ಕೂತರು. ಬತ್ತಿಗೆ ಕಿಡಿ ಮುಟ್ಟಿಸಿದವನು ತಲೆ ಬಗ್ಗಿಸಿ ಮುಂದಿನ ಬತ್ತಿಯ ಕಡೆ ಓಡಬೇಕು. ತಾವೇ ಮಾಡಿದ ಹೂವನ್ನು ಅವರು ಇಷ್ಟು ವರ್ಷ ನೋಡಿರಲೇ ಇಲ್ಲ. ನೆಲದ ಮೇಲಿನ ಬೆಳಕು ಮಾತ್ರ ಕಂಡಿದ್ದರು. ಮುಚ್ಚಿದ ಗಾಜಿನಾಚೆ ಹೂವು ಸದ್ದಿಲ್ಲದೆ ಉದುರಿತು.

"ಸದ್ದೇ ಇಲ್ವಲ್ಲ," ಎಂದರು.

"ಇದೆ ತಾತ, ಸಣ್ಣದು. ನಿಂಗೆ ಕೇಳಿಸಲ್ಲ ಅಷ್ಟೆ." ಚುಕ್ಕಿ ಅವರ ತೊಡೆಯ ಮೇಲೆ ಎದ್ದು ನಿಂತು ಬಲಗಿವಿಗೆ ಬಾಯಿಟ್ಟು ಅಂದಳು, "ಢಂ!"

ಇನ್ನೊಂದು ಅರಳಿತು. "ಢಂ!" ಮತ್ತೊಂದು. "ಢಂ ಢಂ!" ನಡುವೆ ಒಮ್ಮೆ ಕೆಮ್ಮಿದಳು. ಅವಳಮ್ಮನ ಕೈ ಮೆಷಿನ್ನಿನ ಗುಂಡಿಯ ಕಡೆ ಹೋಯಿತು. ಚುಕ್ಕಿ ಮೂಗೊರೆಸಿಕೊಂಡು ಹೊರಗೆ ನೋಡಿದಳು. "ಢಂ!"

"ಇದೆಲ್ಲ ನೀನು ಮಾಡಿದ ಮದ್ದಾ ತಾತ?"

"ಹೂಂ, ಪುಟ್ಟ."

ಅವಳು ಯೋಚಿಸಿ, ತೀರ್ಪು ಕೊಡುವವಳಂತೆ ಅಂದಳು, "ಕಹಿ ಇಲ್ಲ."

ತಾತ ಅವಳನ್ನು ಮೆಲ್ಲಗೆ ತಿರುಗಿಸಿ ಬೆನ್ನಿಗೆ ಬಲಗಿವಿ ಇಟ್ಟು, ಆಕಾಶದ ಕಡೆ ನೋಡುವುದನ್ನೂ ಮರೆತು, ಕೇಳುತ್ತ ಕೂತರು.