ಖಾಲಿ ಬಾಟಲಿಯ ಪರೀಕ್ಷೆ

ಧಾರವಾಡದ ರಸ್ತೆಗಳಲ್ಲಿ ಇನ್ನೂ ಧೂಳು ಎದ್ದಿಲ್ಲ. ಕಾಲೇಜೊಂದರ ಭೂವಿಜ್ಞಾನ ಪ್ರಯೋಗಾಲಯದ ಬಾಗಿಲಲ್ಲಿ ಸಾವಂತ್ರೆವ್ವ ಹಿತ್ತಾಳೆ ಬಳೆ ಕಳಚುತ್ತಾರೆ, ಕಾಲುಂಗುರ ತೆಗೆಯುತ್ತಾರೆ, ಹಣೆಯ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಕೈಗವಸು ತೊಟ್ಟು, ಆಸಿಡ್ಡಿನಲ್ಲಿ ನೆನೆದ ಪ್ಲಾಸ್ಟಿಕ್ ಬಾಟಲಿಗಳನ್ನು ಶುದ್ಧ ನೀರಿನಲ್ಲಿ ತೊಳೆಯುತ್ತಾರೆ. ನಡುನಡುವೆ ಕೈ ನಿಲ್ಲುತ್ತದೆ. ಕಿವಿ ಪಕ್ಕದ ಕೋಣೆಯ ಫೋನಿನ ಕಡೆಗಿದ್ದರೂ ನನ್ನೊಡನೆ ಮಾತಾಡುತ್ತಾರೆ.

"ನಾ ಇಲ್ಲಿ ಬಳಿ ತಗೀತೇನಿ ಅಂತ ಯಾರೋ ನಮ್ಮತ್ತಿ ಮುಂದ ಹೇಳ್ಯಾರ್ರಿ. ಗಂಡ ಗಟ್ಟಿ ಅದಾನ, ದಿನಾ ಬೆಳಿಗ್ಗೆ ಬಳಿ ತಗೀತಿಯಲ್ಲ ಅಂತ ಬೈತಾಳ. ಆಕಿಗೆ ಏನಂತ ಹೇಳ್ಲಿ?"

ಸಾವಂತ್ರೆವ್ವ ಮಾಳಮಡ್ಡಿಯಿಂದ ನಡೆದು ಬರುತ್ತಾರೆ. ಮೊದಲು ಖಾನಾವಳಿಯಲ್ಲಿ ಪಾತ್ರೆ ತಿಕ್ಕುತ್ತಿದ್ದರು. 2004ರಿಂದ ಇಲ್ಲಿ ದಿನಗೂಲಿ. ದಿನಕ್ಕೆ ನಲವತ್ತು ಬಾಟಲಿ. ಆಸಿಡ್ಡಿಗೆ ಎರಡು ಸೀರೆ ಹೋಗಿವೆ. ಎಡ ಮುಂಗೈ ಮೇಲೆ ಬಿಳಿ ಕಲೆ ಉಳಿದಿದೆ.

ನವನಗರದಾಚೆಯ ಹಳ್ಳದ ನೀರಿನಲ್ಲಿ ತಾಮ್ರವಿದೆ. ಅದು ಕಲ್ಲು ಸವೆದು ಬಂದದ್ದೋ, ಮೇಲ್ಭಾಗದಲ್ಲಿ ಲೋಹಕ್ಕೆ ತಾಮ್ರದ ಲೇಪ ಕೊಡುವ ಶೆಡ್ಡುಗಳಿಂದ ಬಂದದ್ದೋ ಎಂದು ಸಂಶೋಧಕ ಬಿಂದುಮಾಧವ ಹುಡುಕುತ್ತಿದ್ದಾರೆ. ತಾಮ್ರದಲ್ಲಿ ಎರಡು ಬಗೆಯ ಪರಮಾಣುಗಳಿವೆ, ಒಂದು ತುಸು ಹಗುರ, ಇನ್ನೊಂದು ತುಸು ಭಾರ. ಎಷ್ಟು ಕಾಲ ಕಳೆದರೂ ಒಡೆಯದ ಇವಕ್ಕೆ ಸ್ಥಿರ ಐಸೋಟೋಪು ಎನ್ನುತ್ತಾರೆ. ಕಲ್ಲಿನ ತಾಮ್ರದಲ್ಲಿ ಇವೆರಡರ ಪ್ರಮಾಣ ಒಂದು ತೆರನಾದರೆ, ಶೆಡ್ಡಿನ ತಾಮ್ರದಲ್ಲಿ ಬೇರೆ ಇರಬಹುದು. ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲಿನಷ್ಟು. ಹಿತ್ತಾಳೆ ಬಳೆಯಲ್ಲೂ ತಾಮ್ರವಿದೆ; ಹೊರಗಿನ ತಾಮ್ರ ಚೂರು ಸೇರಿದರೂ ಲೆಕ್ಕ ಕೆಟ್ಟಿತು.

ಅಳೆಯುವ ಯಂತ್ರ ಬೇರೆ ಊರಿನಲ್ಲಿದೆ. ಹಳ್ಳದ ನೀರಿನ ಜೊತೆ, ಬರೀ ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನೂ ಅಲ್ಲಿಗೆ ಕಳಿಸುತ್ತಾರೆ. ಇಲ್ಲಿ ಅದರ ಹೆಸರು ಖಾಲಿ ಬಾಟಲಿ. ಅದರಲ್ಲಿ ತಾಮ್ರ ಕಂಡರೆ ತೊಳೆದದ್ದು ಸರಿಯಿಲ್ಲ.

ಹೋದ ವರ್ಷ ಕಂಡಿತ್ತು. ಖಂಡೇಪೂಜೆಯ ದಿನ ಆಟೋದವರು ಆಟೋಕ್ಕೆ, ದರ್ಜಿಗಳು ಹೊಲಿಗೆ ಯಂತ್ರಕ್ಕೆ ಪೂಜೆ ಮಾಡಿದಂತೆ ಸಾವಂತ್ರೆವ್ವ ತಮ್ಮ ಬಾಟಲಿಗಳಿಗೆ ಮಾಡಿದ್ದರು. ಮುಚ್ಚಳ ತೆಗೆದು ಸಾಲಾಗಿ ನಿಲ್ಲಿಸಿ, ಕುಂಕುಮ ಹಚ್ಚಿ, ತಾಮ್ರದ ತಂಬಿಗೆಯಿಂದ ನೀರು ಚಿಮುಕಿಸಿದ್ದರು. ಆಮೇಲೆ ಒರೆಸಿ ಮುಚ್ಚಳ ಹಾಕಿಟ್ಟರು. ಅವುಗಳಲ್ಲಿ ತುಂಬಿ ತಂದ ನೀರೆಲ್ಲ ಚರಂಡಿಗೆ ಹೋಯಿತು.

"ಸರ ಬೈಲಿಲ್ರಿ. ಅದ ತ್ರಾಸ. 'ಹಳ್ಳಕ್ಕಿಂತ ನಮ್ಮ ಬಾಟ್ಲ್ಯಾಗ ತಾಮ್ರ ಛಲೋ ಬಂದದ' ಅಂತ ನಕ್ಕರು."

ಈ ಸಲವೂ ಕೆಟ್ಟರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಆಫೀಸಿನವರು ಹೇಳಿದ್ದಾರೆ. ಆಗ ಮತ್ತೆ ಖಾನಾವಳಿಯೇ ಗತಿ. ಫಲಿತಾಂಶ ಹೋದ ವಾರವೇ ಬರಬೇಕಿತ್ತು. ಸಾವಂತ್ರೆವ್ವ ಚಹಾಕ್ಕೂ ಹೊರಗೆ ಹೋಗುವುದಿಲ್ಲ.

ಹತ್ತೂವರೆಗೆ ಫೋನು ಬಡಿಯುತ್ತದೆ. ಮಾತು ಕೇಳಿಸುವುದಿಲ್ಲ. ಸಾವಂತ್ರೆವ್ವ ತೊಳೆದ ಬಾಟಲಿಯನ್ನೇ ಮತ್ತೆ ತೊಳೆಯುತ್ತಾರೆ. ಬಿಂದುಮಾಧವ ಬಾಗಿಲಿಗೆ ಬಂದು ಹೊಸ್ತಿಲಾಚೆಯೇ ನಿಲ್ಲುತ್ತಾರೆ. ಕಾಲಲ್ಲಿ ಚಪ್ಪಲಿ ಇದೆ.

"ಸಾವಂತ್ರೆವ್ವ, ಖಾಲಿ ಬಾಟ್ಲಿ ಸ್ವಚ್ಛ ಅದರಿ. ತಾಮ್ರ ಸಿಕ್ಕಿಲ್ಲಂತ."

"ಹಳ್ಳದ್ದು ಎಲ್ಲಿಂದು ಅಂತ್ರಿ ಸರ?"

"ಅದನ್ನಿನ್ನ ಲೆಕ್ಕಾ ಹಾಕಬೇಕ್ರಿ."

ಸಾವಂತ್ರೆವ್ವ ನಗುವುದಿಲ್ಲ. ಇನ್ನೊಂದು ಬಾಟಲಿ ಎತ್ತಿಕೊಳ್ಳುತ್ತಾರೆ. ಬರುವ ವಾರ ಮತ್ತೆ ಖಂಡೇಪೂಜೆ. ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಬಾಗಲಕ್ಕ ಕುಂಕುಮ ಹಚ್ಚತೇನ್ರಿ, ಹೊರಗಿನ ಬಾಜೂ. ದೇವ್ರು ಅಲ್ಲೇ ನಿಂದರ್ಲಿ."

ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ.

"ಅಷ್ಟು ದೊಡ್ಡ ಮಶೀನ್ ಹುಡುಕಿದ್ರೂ ನಾ ತೊಳದದ್ರಾಗ ಏನೂ ಸಿಗಲಿಲ್ಲ ನೋಡ್ರಿ."