ಅತ್ತಿಗೆಯ ಜೆರೇನಿಯಂ ಎದುರು ಮನೆಗೆ ಹೋದದ್ದು

ಮೊದಲೇ ಹೇಳಿಬಿಡುತ್ತೇನೆ, ಗಿಡಗಂಟಿ ಅಂದರೆ ನನಗೆ ಅಷ್ಟಕ್ಕಷ್ಟೇ. ಮನೆಯವರ ಹೊಟ್ಟೆ ನೋಡಿಕೊಳ್ಳುವುದರಲ್ಲೇ ಸಾಕುಸಾಕಾಗಿರುವಾಗ ಮಣ್ಣಿನ ಕುಂಡಗಳಿಗೂ ಉಪಚಾರ ಮಾಡುತ್ತ ಕೂರುವ ತಾಳ್ಮೆ ನನಗಿಲ್ಲ. ಆದರೇನು, ಮದುವೆಯಾಗಿ ಈ ಮನೆಗೆ ಬಂದ ದಿನವೇ ಗೊತ್ತಾಯಿತು: ಇಲ್ಲಿ ಗಂಡನ ಜೊತೆ, ಗಂಡನ ಅಕ್ಕನ ಜೊತೆ, ಆ ಅಕ್ಕನ ಒಂದು ಹಿಂಡು ಜೆರೇನಿಯಂ ಹೂಗಿಡಗಳ ಜೊತೆ ಸಂಸಾರ ಮಾಡಬೇಕು.

ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ಪರದೆ ಹೊಲಿಯುವವರು. ಮುಂದಿನ ಕೋಣೆಯಲ್ಲಿ ಅವರ ಮಿಷನ್ನು, ಅದರ ಸುತ್ತ ಬಟ್ಟೆಯ ಥಾನುಗಳು, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಗಿಡಗಳು. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ಅದೇ ಮಿಷನ್ನು ತುಳಿದು ತಮ್ಮನನ್ನು ಓದಿಸಿದವರು ಅವರು. ಸಂಬಂಧಗಳು ಬಂದವಂತೆ, ಇವರೇ ಬೇಡವೆಂದರಂತೆ. ತಮ್ಮನಿಗೆ ಒಂದು ನೆಲೆಯಾಗಲಿ, ಆಮೇಲೆ ನೋಡೋಣ ಅಂತ. ತಮ್ಮನಿಗೆ ನೆಲೆಯಾಗುವಷ್ಟರಲ್ಲಿ ಕೇಳಿಕೊಂಡು ಬರುವವರು ನಿಂತುಹೋಗಿದ್ದರು. ಅದಕ್ಕಾಗಿ ಅವರು ಒಂದು ದಿನವೂ ಗೊಣಗಿದವರಲ್ಲ. ಗೊಣಗುವುದೆಲ್ಲ ಗಿಡಗಳ ವಿಷಯಕ್ಕೇ.

"ಏನೇ, ಬೆಳಬೆಳಗ್ಗೆ ಮುಖ ಊದಿಸ್ಕೊಂಡಿದ್ದೀಯ? ನೀರು ಜಾಸ್ತಿ ಆಯ್ತಾ?" ಅಂತ ಅವರು ಕೇಳುವುದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ಮೊದಮೊದಲು ನನ್ನನ್ನೇ ಅನ್ನುತ್ತಿದ್ದಾರೆಂದು ನಾನು ಉತ್ತರ ಕೊಟ್ಟದ್ದೂ ಉಂಟು. ಮಣ್ಣಿಗೆ ಬೆರಳು ಚುಚ್ಚಿ, ಒಳಗೆ ಒಣಗಿದ್ದರೆ ಮಾತ್ರ ನೀರು. ಎಲೆಯ ಮೇಲೆ ಹನಿ ಬೀಳಬಾರದು. ಬಾಡಿದ ಹೂಗೊಂಚಲನ್ನು ತೊಟ್ಟಿನ ಬುಡಕ್ಕೇ ಮುರಿಯಬೇಕು, ಕುಡಿ ಚಿವುಟಬೇಕು, ಇಲ್ಲದಿದ್ದರೆ ಗಿಡ ಕಡ್ಡಿಯ ಹಾಗೆ ಉದ್ದಕ್ಕೆ ಹೋಗುತ್ತದೆ. ಜೆರೇನಿಯಂ ಎಲೆ ಮುಟ್ಟಿದವರ ಬೆರಳಿಗೆ ಒಂದು ಘಾಟು ವಾಸನೆ ಅಂಟಿಕೊಳ್ಳುತ್ತದೆ. ಅತ್ತಿಗೆ ಹೊಲಿದ ಪರದೆಗೂ ಅದೇ ವಾಸನೆ ಇರುತ್ತಿತ್ತು. ಒಮ್ಮೆ ನಾನು ಒಳ್ಳೆಯ ಮನಸ್ಸಿನಿಂದಲೇ ಒಂದು ಕುಂಡಕ್ಕೆ ಚೊಂಬು ನೀರು ಸುರಿದೆ. ಬುಡ ಕಪ್ಪಾಗಿ ಕೊಳೆತುಹೋಯಿತು. "ಪಾಪ, ಅವಳು ಪ್ರೀತಿಯಿಂದ ಸಾಯಿಸಿದ್ಲು" ಅಂತ ಅತ್ತಿಗೆ ಬೀದಿಗೆಲ್ಲ ಹೇಳಿಕೊಂಡು ಬಂದರು.

ಹೀಗಿರುವಾಗ ನಮ್ಮ ಹಿತ್ತಲಿಗೆ ಅಂಟಿಕೊಂಡು ಐದಂತಸ್ತಿನ ಕಟ್ಟಡ ಎದ್ದಿತು. ಹಿಂದಿನ ಕಿಟಕಿಯಿಂದ ಮನೆಯುದ್ದಕ್ಕೂ ಹರಿದು ಬರುತ್ತಿದ್ದ ಬಿಸಿಲು ನಿಂತೇಹೋಯಿತು. ಬೀದಿ ಕಡೆಯ ಕಿಟಕಿಗೆ ಮೊದಲಿನಿಂದಲೂ ನೇರ ಬಿಸಿಲಿಲ್ಲ. ಗಿಡಗಳು ಬೆಳಕನ್ನು ಹುಡುಕಿಕೊಂಡು ಬೀದಿಯ ಕಡೆಗೆ ಬಾಗಿದವು. ಅತ್ತಿಗೆ ದಿನಕ್ಕಿಷ್ಟು ಅಂತ ಕುಂಡ ತಿರುಗಿಸಿದರು, ಅವು ಮತ್ತೆ ಬಾಗಿದವು. ಮೊಗ್ಗು ಬಿಡುವುದನ್ನೇ ಮರೆತವು.

ಆಗಲೇ ಒಂದು ಭಾನುವಾರ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಎದುರು ಮನೆಯ ತಕ್ಕಡಿ ಮೇಷ್ಟ್ರು. ಪಾಠ ಹೇಳುವ ಮೇಷ್ಟ್ರಲ್ಲ, ಕೆಳಗಿನ ಅಂಗಡಿಯಲ್ಲಿ ತಕ್ಕಡಿ ರಿಪೇರಿ ಮಾಡಿ ಮೇಲಿನ ಮನೆಯಲ್ಲಿ ಒಬ್ಬರೇ ಇರುವವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಯಾವುದೇ ವಸ್ತು ಒಂದು ಕೂದಲೆಳೆ ಓರೆಯಾಗಿದ್ದರೂ ಪಾಠ ಶುರು ಮಾಡುತ್ತಾರೆಂದು ಬೀದಿಯವರು ಇಟ್ಟ ಹೆಸರು ಅದು.

"ಕ್ಷಮಿಸಿ" ಅಂದರು ಮೇಷ್ಟ್ರು. "ನಿಮ್ಮ ಗಿಡಗಳೆಲ್ಲ ಓರೆಯಾಗಿವೆ. ದಿನಾ ನನ್ನ ಕಿಟಕಿಯಿಂದ ಕಾಣುತ್ತೆ. ತಡ್ಕೊಳ್ಳೋಕಾಗ್ತಿಲ್ಲ."

ಅತ್ತಿಗೆಗೆ ಮೂಗಿನ ತುದಿಯಲ್ಲೇ ಕೋಪ. "ಬಿಸಿಲಿಲ್ಲ, ಅದಕ್ಕೆ ಬಾಗುತ್ವೆ. ನಾನೇನು ಬೇಕಂತ ಬಗ್ಗಿಸಿದ್ದೀನಾ? ಅದೇನು ನಿಮ್ಮ ತಕ್ಕಡೀನಾ?"

"ನಮ್ಮ ಕಿಟಕೀಲಿ ಬೇಕಾದಷ್ಟು ಬಿಸಿಲಿದೆ. ಸುಮ್ನೆ ಹಾಳಾಗ್ತಿದೆ" ಅಂದು ಅವರು ನೆಲ ನೋಡುತ್ತ ನಿಂತರು. ನಾನು ಟೀ ಕೊಟ್ಟೆ. ಲೋಟ ಕೈಗೆತ್ತಿಕೊಳ್ಳುವ ಮೊದಲು ಆ ಮಹಾನುಭಾವರು ಕುಕ್ಕರುಗಾಲಲ್ಲಿ ಕೂತು, ನಮ್ಮ ಮೇಜಿನ ಅಲ್ಲಾಡುವ ಕಾಲಿನ ಕೆಳಗೆ ರಟ್ಟಿನ ಚೂರು ಮಡಿಸಿ ಸಿಕ್ಕಿಸಿದರು. ಅತ್ತಿಗೆ ನಕ್ಕುಬಿಟ್ಟರು. ಅವರು ಹಾಗೆ ಬಾಯಿ ತುಂಬಾ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹೀಗೆ ಗಿಡಗಳು ಬೀದಿ ದಾಟಿದವು. ವಾರವಿಡೀ ಹೊಲಿಗೆ, ಭಾನುವಾರ ಮಧ್ಯಾಹ್ನ ಅತ್ತಿಗೆಯ ಸವಾರಿ ಎದುರು ಮನೆಗೆ. ಹೋಗುವ ಮೊದಲು ಎರಡೆರಡು ಸಲ ತಲೆ ಬಾಚುತ್ತಿದ್ದರು. ಸೀರೆ ಯಾವುದು ಉಡಲಿ ಅಂತ ನನ್ನನ್ನು ಕೇಳುತ್ತಿದ್ದರು. ಗಿಡಕ್ಕೆ ನೀರು ಹಾಕಲು ಸೀರೆ ಯಾವುದಾದರೇನು! ನಾನೇನು ಬೆರಳು ಚೀಪುವ ಮಗುವೇ? ಇವರಿಬ್ಬರೂ ಒಂದಾದರೆ ಎಷ್ಟು ಚೆನ್ನ ಅಂತ ಅವತ್ತಿನಿಂದಲೇ ನನ್ನ ಜೀವ ಹಾರೈಸತೊಡಗಿತು.

ಆದರೆ ಮೇಷ್ಟ್ರು ಕೆಡಿಸಿದರು. ಹೇಗೆ ಅಂತೀರಾ? ಗಿಡಗಳನ್ನು ಚೆನ್ನಾಗಿ ನೋಡಿಕೊಂಡು!

ಮೊದಲ ವಾರ ಅತ್ತಿಗೆ ತಿರುಗಿಸುವುದು ಹೇಗೆಂದು ತೋರಿಸಿದರು. ಮುಂದಿನ ವಾರ ಹೋದರೆ ಪ್ರತಿ ಕುಂಡವೂ ಕಾಲು ಸುತ್ತು ತಿರುಗಿಯಾಗಿತ್ತು. ಕುಡಿ ಚಿವುಟಿಯಾಗಿತ್ತು. ಒಣ ಹೂ ಒಂದೂ ಇರಲಿಲ್ಲ. ಮಣ್ಣು ಹದವಾಗಿತ್ತು. ಕೆಂಪು, ಗುಲಾಬಿ, ಬಿಳಿ ಗೊಂಚಲುಗಳು ಕಿಟಕಿಯ ತುಂಬ ತುಳುಕುತ್ತಿದ್ದವು, ದಂಟುಗಳೋ ಗೂಟ ಹೊಡೆದಂತೆ ನೆಟ್ಟಗೆ. ಬೀದಿಯಲ್ಲಿ ಹೋಗುವವರು ಕತ್ತೆತ್ತಿ ನೋಡಿ ಹೋಗುತ್ತಿದ್ದರು. ಅತ್ತಿಗೆಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಹೋದವರು ಅರ್ಧ ಗಳಿಗೆಯಲ್ಲಿ ತಿರುಗಿ ಬರತೊಡಗಿದರು. ಓರೆಕೋರೆಯ ವಿಷಯ ಬಿಟ್ಟರೆ ಮೇಷ್ಟ್ರಿಗೆ ಮಾತು ಬಾರದು, ಇವರಿಗೆ ನೆಪವಿಲ್ಲದೆ ಕೂರಲು ಬಾರದು.

ಒಂದು ಭಾನುವಾರ ಬಂದವರೇ ಚೀಲ ಬಿಸಾಡಿದರು. "ನನ್ನ ಗಿಡಕ್ಕೆ ನಾನೇ ಬೇಡ ಅಂತಾಯ್ತು. ಆ ಮನುಷ್ಯ ಎಲ್ಲಾ ಮಾಡಿಟ್ಟಿರ್ತಾನೆ. ನೀವು ಬರಬೇಡಿ ಅಂತ ಬಾಯಿಬಿಟ್ಟು ಹೇಳೋಕೆ ಸಂಕೋಚ, ಅದಕ್ಕೆ ಹೀಗೆ. ಬರೋ ಭಾನುವಾರ ಎಲ್ಲಾ ತಂದು ಆಸ್ಪತ್ರೆ ಅಂಗಳಕ್ಕೆ ಕೊಟ್ಬಿಡ್ತೀನಿ."

"ಅತ್ತಿಗೆ, ಹಾಗೇನೂ ಇರಲ್ಲ..."

"ನಂಗೊತ್ತು ಕಣೆ. ನಾನೇ ಹುಚ್ಚಿ." ಮಿಷನ್ನಿನ ಮುಂದೆ ಕೂತು ಯಾವುದೋ ಪರದೆಯ ಅಂಚನ್ನು ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದರು.

ನನಗೆ ತಲೆ ಕೆಟ್ಟುಹೋಯಿತು. ಮರುದಿನ ಬೆಳಗ್ಗೆ ಒಲೆಯ ಮೇಲಿದ್ದದ್ದನ್ನು ಹಾಗೇ ಇಳಿಸಿಟ್ಟು ಬೀದಿ ದಾಟಿ ತಕ್ಕಡಿ ಅಂಗಡಿಗೆ ನುಗ್ಗಿದೆ. ಮೇಷ್ಟ್ರು ಒಂದು ತಟ್ಟೆಗೆ ಚೂರು ಸೀಸ ಅಂಟಿಸಿ, ಮುಳ್ಳನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು.

"ಮೇಷ್ಟ್ರೇ, ಗಿಡಗಳನ್ನ ಅಷ್ಟು ಚೆನ್ನಾಗಿ ಯಾಕೆ ನೋಡ್ಕೋತೀರಿ?" ಅಂತ ಜಗಳಕ್ಕೇ ನಿಂತೆ.

ಅವರು ಬೆಪ್ಪಾದರು. "ಅವರಿಗೆ ಸಂತೋಷ ಆಗ್ಲಿ ಅಂತಮ್ಮಾ."

"ಅವರು ಬರೋದು ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದಾರೆ. ಭಾನುವಾರ ಗಿಡ ವಾಪಸ್ ತಗೊಂಡು ಹೋಗ್ತಾರೆ. ಆಮೇಲೆ ನಿಮ್ಮ ಕಿಟಕೀಲಿ ಬಿಸಿಲು ಮಾತ್ರ ಇರುತ್ತೆ."

ಮೇಷ್ಟ್ರ ಮುಖ ಸಪ್ಪಗಾಯಿತು. ಕೈಯಲ್ಲಿದ್ದ ಚಿಮಟ ಕೆಳಗಿಟ್ಟರು. "ನಾನು ವಾರವಿಡೀ ಭಾನುವಾರಕ್ಕೇ ಕಾಯ್ತೀನಲ್ಲಮ್ಮಾ" ಅಂದರು. ಅಯ್ಯೋ ದೇವರೇ, ಇದನ್ನು ಆ ಕಿವಿಗೆ ಹೇಳುವುದು ಬಿಟ್ಟು ನನ್ನ ಕಿವಿಗೆ ಹೇಳುತ್ತಾರಲ್ಲ!

"ಹಾಗಾದ್ರೆ ಒಂದೇ ಒಂದು ಕೆಲಸ ಕೆಡಿಸಿ. ಒಂದು ಕುಂಡ ತಿರುಗಿಸ್ಬೇಡಿ. ಬಾಗಲಿ. ಅವರು ಬಂದು ಬಯ್ಯಲಿ. ಬೈದ್ರೆ ಅವರು ಕೂರ್ತಾರೆ, ಕೂತ್ರೆ ಮಾತಾಡ್ತಾರೆ."

"ಓರೆ ಆಗೋದನ್ನ ನೋಡ್ಕೊಂಡು ಹೇಗಮ್ಮಾ ಸುಮ್ನಿರಲಿ?"

"ಕಣ್ಣು ಮುಚ್ಕೊಳ್ಳಿ!" ಅಂದು ಬಂದುಬಿಟ್ಟೆ.

ಆ ವಾರ ಅವರು ಪಟ್ಟ ಪಾಡನ್ನು ನಾನು ನಮ್ಮ ಕಿಟಕಿಯಿಂದಲೇ ಕಂಡೆ. ಮೂಲೆಯ ಕೆಂಪು ಹೂವಿನ ಗಿಡ ದಿನೇ ದಿನೇ ಗಾಜಿನ ಕಡೆ ವಾಲುತ್ತಿತ್ತು. ಮೇಷ್ಟ್ರು ಬಂದು ಕೈ ಚಾಚುವರು, ಕೈ ಹಿಂದಕ್ಕೆ ಕಟ್ಟುವರು, ಆಚೆ ಹೋಗುವರು, ಮತ್ತೆ ಬರುವರು. ಕೊನೆಗೆ ತಮ್ಮ ಕುರ್ಚಿಯನ್ನೇ ಗೋಡೆಯ ಕಡೆ ತಿರುಗಿಸಿ ಕೂತರು. ನನಗೆ ನಕ್ಕು ನಕ್ಕು ಹೊಟ್ಟೆ ನೋವು.

ಭಾನುವಾರ ಬಂತು. ಗಿಡ ಹೊತ್ತು ತರಲೆಂದು ಬುಟ್ಟಿಗಳನ್ನು ಹಿಡಿದು ಅತ್ತಿಗೆಯ ಹಿಂದೆ ನಾನೂ ಮೆಟ್ಟಿಲು ಹತ್ತಿದೆ. ಅವರ ಕಣ್ಣು ನೇರ ಮೂಲೆಗೇ ಹೋಯಿತು.

"ಇದೇನಿದು? ಇದಕ್ಕೇನಾಗಿದೆ? ಎಷ್ಟು ದಿನದಿಂದ ತಿರುಗಿಸಿಲ್ಲ? ನೋಡಿ, ಕತ್ತು ಮುರಿದ ಹಾಗೆ ಆಗಿದೆ! ಒಂದು ಕುಂಡ ತಿರುಗಿಸೋಕೆ ಏನು ಬಂದಿತ್ತು ನಿಮಗೆ?" ಅತ್ತಿಗೆಯ ಬಾಯಿ ಬಯ್ಯುತ್ತಿತ್ತು, ಮುಖ ಅರಳುತ್ತಿತ್ತು. ಸೆರಗು ಸಿಕ್ಕಿಸಿ ಕುಂಡದ ಮುಂದೆ ಕೂತೇಬಿಟ್ಟರು. ಗೆದ್ದೆ ಅಂದುಕೊಂಡೆ ನಾನು.

ಆದರೆ ಬದುಕಿಡೀ ಸರಿ ತೂಕ ಮಾಡಿದ ಮನುಷ್ಯನಿಗೆ ಸುಳ್ಳು ಎಲ್ಲಿ ದಕ್ಕಬೇಕು? "ಮರೆತಿದ್ದಲ್ಲ" ಅಂದರು ಮೇಷ್ಟ್ರು. "ಬೇಕಂತಲೇ ತಿರುಗಿಸ್ಲಿಲ್ಲ. ಎಲ್ಲಾ ಸರಿಯಾಗಿದ್ರೆ ನೀವು ಬೇಗ ಹೋಗ್ಬಿಡ್ತೀರಿ. ಅದಕ್ಕೆ."

ಅತ್ತಿಗೆ ತಲೆ ಎತ್ತಲಿಲ್ಲ. ಬಾಗಿದ ದಂಟನ್ನು ಬೆರಳಿಂದ ಸವರಿದರು.

"ಅದಕ್ಕೆ ಈ ಪಾಪದ ಗಿಡಕ್ಕೆ ಯಾಕೆ ಶಿಕ್ಷೆ ಕೊಟ್ರಿ?" ಅಂದರು, ತೀರಾ ಮೆಲ್ಲಗೆ. "ಇರು ಅಂದಿದ್ರೆ ಇರ್ತಿರ್ಲಿಲ್ವಾ ನಾನು?"

"ಇರಿ" ಅಂದರು ಮೇಷ್ಟ್ರು.

ಅತ್ತಿಗೆ ನನ್ನ ಕಡೆ ತಿರುಗಿ ಗದರಿದರು. "ನೀನೇನು ಕಂಬದ ಹಾಗೆ ನಿಂತಿದ್ದೀಯ? ಆ ಬುಟ್ಟಿ ತಗೊಂಡು ಮನೆಗೆ ನಡಿ."

ನಡೆಯುವುದೆಲ್ಲಿ ಬಂತು, ಈ ವಯಸ್ಸಿನಲ್ಲಿ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಖಾಲಿ ಬುಟ್ಟಿ ಹಿಡಿದು ಒಳಗೆ ಬಂದ ನನ್ನನ್ನು ಕಂಡು, ಪೇಪರ್ ಓದುತ್ತಿದ್ದ ನನ್ನ ಗಂಡ ಕೇಳಿದರು, "ಗಿಡ ಎಲ್ಲಿ? ಅಕ್ಕ ಎಲ್ಲಿ?"

"ಎಲ್ಲಾ ಅಲ್ಲೇ ಇರ್ತಾರಂತೆ ರೀ" ಅಂದೆ.

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. "ನಿಜವಾಗ್ಲೂ? ನಮ್ಮಕ್ಕನಾ?" ಅಂತ ಮತ್ತೆ ಮತ್ತೆ ಕೇಳಿದರು. ಆಮೇಲೆ ಎದ್ದು ಒಳಗೆ ಹೋದರು. ಅಳುತ್ತಿದ್ದಾರೇನೋ ಎಂದು ನಾನು ಬಾಗಿಲ ಬಳಿ ಹೋಗುವಷ್ಟರಲ್ಲಿ ಹೊರಗೆ ಬಂದರು. ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಮಾಡಿಟ್ಟಿದ್ದ ಒಳ್ಳೆಯ ಅಂಗಿ ಹಾಕಿಕೊಂಡಿದ್ದರು. ಗುಂಡಿಗಳು ಮಾತ್ರ ಒಂದಕ್ಕೊಂದು ತಪ್ಪಿಹೋಗಿದ್ದವು.

"ಎಲ್ಲಿಗೆ ಹೊರಟ್ರಿ?"

"ಹೆಣ್ಣಿನ ಕಡೆಯವರು ಅಂತ ಇರೋನು ನಾನೊಬ್ಬನೇ ಕಣೆ" ಅಂದರು, ಅಕ್ಕ ಸಾಕಿ ಬೆಳೆಸಿದ ಆ ತಮ್ಮ. "ಹೋಗಿ ಮಾತಾಡಬೇಡ್ವಾ?"